ಡೈರಿ ಬ್ಯಾಚಿನ ಮೇಡಂ

ಹೋದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ನಾನೀಗ ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಅದೇ ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಡುಮ್ಕಿ ಹೊಡೆದವಳು ಇವತ್ತು ಇಂಗ್ಲಿಷ್ ಮೇಡಂ ಆಗಿ ಕೂತಿದ್ದಾಳೆ ಎಂದರೆ ಅದಕ್ಕೆ ಪೂರ್ತಿ ಹೊಣೆ ಅವರೇ. ಹಾಗಾಗಿ ಬೀಳ್ಕೊಡುಗೆಗೆ ಕರೆ ಬಂದಾಗ ರಜೆ ಹಾಕಿ ಪಾಂಡವಪುರದ ಬಸ್ಸು ಹತ್ತಿದೆ.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತನಾಡಿದವರೆಲ್ಲ ಅವರನ್ನು ಶಿಸ್ತಿನ ಸಿಪಾಯಿ ಎಂದರು, ಮಿತಭಾಷಿ ಎಂದರು, ಸಮಯಪಾಲನೆಗೆ ಇನ್ನೊಂದು ಹೆಸರು ಎಂದರು. ಕೇಳುತ್ತ ಕೇಳುತ್ತ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಟೀ ಕುಡಿದವರು ಇನ್ಯಾವಳೋ ಹೆಂಗಸಿಗೆ ಶಾಲು ಹೊದಿಸುತ್ತಿದ್ದಾರಲ್ಲ ಎನ್ನಿಸಿತು. ನಮ್ಮ ಮೇಡಂ ಗಂಟೆ ಹೊಡೆದ ಹೊತ್ತಿಗೆ ತರಗತಿಗೆ ಬಂದವರೇ ಅಲ್ಲ. ದಾರಿಯಲ್ಲಿ ಯಾವುದೋ ಹುಡುಗಿಯ ಸಪ್ಪೆ ಮುಖ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದರು. ಇನ್ನು ಮಿತಭಾಷೆಯ ವಿಷಯ. ಅವರು ಕಾರಿಡಾರಿನ ಆ ತುದಿಯಲ್ಲಿ ಯಾರನ್ನೋ ಗದರಿದರೆ ಈ ತುದಿಯಲ್ಲಿದ್ದ ನಾವು ಪುಸ್ತಕ ತೆಗೆಯುತ್ತಿದ್ದೆವು.

ಕೊನೆಗೆ ಮೈಕು ಅವರ ಕೈಗೆ ಬಂತು. "ನಿಮ್ಮನ್ನೆಲ್ಲ ಮಾತಾಡ್ಸಾಕೆ ಅಂತ ಇಷ್ಟು ವರ್ಸ ಬಡ್ಕಂಡೆ. ಇವತ್ತು ಎಲ್ರೂ ಮಾತಾಡ್ಬುಟ್ರಿ. ತಪ್ಪು ನಂದೇ ಬುಡಿ" ಎಂದು ಹೇಳಿ ಕೂತುಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ನಾವು, ಅಂದರೆ ಹಳೆಯ ಫೇಲು ಗಿರಾಕಿಗಳು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮಾತು ಮಾತ್ರ ಅವರದೇ ಆಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ, ಬೈಗುಳ ಶುರುವಾದರೆ ಮುಗಿಯುವುದಿಲ್ಲ. ನಾಗಮಂಗಲದ ಕಡೆಯ ಬೇಸಾಯದ ಮನೆಯವರು. ಕುಳ್ಳಗೆ, ದಪ್ಪಗೆ, ಯಾವಾಗಲೂ ಕಾಟನ್ ಸೀರೆ. ಹೆಗಲ ಚೀಲದಲ್ಲಿ ಹುರಿದ ಕಡಲೆಕಾಯಿ ಇದ್ದೇ ಇರುತ್ತಿತ್ತು. ಹಿಮ್ಮಡಿ ಒಡೆದು ನೋಯುತ್ತಿದ್ದುದರಿಂದ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬರಿಗಾಲಿನಲ್ಲಿ ಪಾಠ ಮಾಡುತ್ತಿದ್ದರು. ಪಾಠ ಮುಗಿದ ಮೇಲೆ ಮಾತಿನ ಭರದಲ್ಲಿ ಹಾಗೇ ನಡೆದುಬಿಡುವರು. ಆಮೇಲೆ ಅವರ ಚಪ್ಪಲಿ ಹುಡುಕುವುದು ನಮ್ಮ ಪಠ್ಯೇತರ ಚಟುವಟಿಕೆಗಳಲ್ಲಿ ಒಂದಾಗಿತ್ತು. ಇಂಗ್ಲಿಷ್ ಮೇಡಂ ಆಗಿದ್ದರೂ ನಾಲಿಗೆ ಮಾತ್ರ ನಮ್ಮದೇ. ಹ್ಯಾವ್, ಹ್ಯಾಸ್, ಹ್ಯಾಡ್ ಅವರ ಬಾಯಲ್ಲಿ ಆವ್, ಆಸ್, ಆಡ್ ಆಗಿ ಹೊರಡುತ್ತಿದ್ದವು. ಬರೆಯುವಾಗ ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ.

ಅವರು ಬಂದ ಹೊಸದರಲ್ಲಿ ನಡೆದದ್ದನ್ನು ನಮ್ಮ ಸೀನಿಯರ್‌ಗಳು ಕಥೆಯ ಹಾಗೆ ಹೇಳುತ್ತಿದ್ದರು. ಹಿಂದುಳಿದವರಿಗೆ ವಿಶೇಷ ಪಾಠ, ಚರ್ಚೆ, ನಾಟಕ, ಆಟ, ಎಲ್ಲವೂ ಸಂಜೆ ನಾಲ್ಕರ ನಂತರ ಎಂದು ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಅಂಟಿಸಿದ್ದರಂತೆ. ಒಂದು ನರಪಿಳ್ಳೆಯೂ ಉಳಿಯುತ್ತಿರಲಿಲ್ಲ. ನಾಲ್ಕು ಹೊಡೆಯುವುದೇ ತಡ, ಹುಡುಗರು ಹುಡುಗಿಯರೆಲ್ಲ ಬಸ್‌ಸ್ಟ್ಯಾಂಡಿಗೆ ದೌಡಾಯಿಸುತ್ತಿದ್ದರು. ಹಳ್ಳಿ ಮಕ್ಕಳಿಗೆ ಆಸಕ್ತಿಯೇ ಇಲ್ಲ ಎಂದು ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ ಬಿಸ್ಕತ್ತು ತಿಂದರಂತೆ. ಮೇಡಂ ಮಾರನೆಯ ದಿನ ತರಗತಿಗೆ ಬಂದು, ಮನೆಯಲ್ಲಿ ಕರೆಯುವ ಹಸು ಇರುವವರು ಕೈ ಎತ್ತಿ ಎಂದಿದ್ದಾರೆ. ಇಡೀ ತರಗತಿ ಕೈ ಎತ್ತಿದೆ.

ಅಷ್ಟೇ ವಿಷಯ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ಅಪ್ಪ ಅಣ್ಣಂದಿರು ಕಬ್ಬಿನ ಗದ್ದೆಯಲ್ಲಿರುತ್ತಾರೆ, ಮಕ್ಕಳು ಹೋಗಿ ಮೇವು ಹಾಕಿ ಹಾಲು ಕರೆದು ಕ್ಯಾನು ಹೊರಬೇಕು. ನಾಟಕ ಆಡಿಕೊಂಡು ಆರು ಗಂಟೆಗೆ ಮನೆ ಸೇರಿದರೆ ಮನೆಯಲ್ಲಿ ಬೇರೆ ನಾಟಕವೇ ನಡೆಯುತ್ತದೆ. ಮೇಡಂ ಎಲ್ಲವನ್ನೂ ಬೆಳಿಗ್ಗೆಗೆ ತಂದರು. ಬೆಳಗಿನ ಹಾಲು ಹಾಕಿ ಬರುವ ಮೊದಲ ಬಸ್ಸಿಗೆ ಅವರ ವೇಳಾಪಟ್ಟಿ. ಕಾಗದದ ಮೇಲೆ ಅದರ ಹೆಸರು ಪರಿಹಾರ ಬೋಧನೆ. ಆ ಹೆಸರು ಕಂಡರೆ ಅವರಿಗೆ ಉರಿಯುತ್ತಿತ್ತು. "ಪರಿಹಾರ ಕೊಡೋದು ಬೆಳೆ ಕೊಚ್ಚೋದೋರ್ಗೆ. ನೀವೇನು ಮುಳುಗೋದ ಬತ್ತವೇನ್ಲಾ?" ಎಂದು ಕೇಳಿ ಡೈರಿ ಬ್ಯಾಚು ಎಂದು ಹೊಸ ಹೆಸರಿಟ್ಟರು. ಆ ಬ್ಯಾಚಿನಲ್ಲಿ ಒಬ್ಬೊಬ್ಬರ ಮೈಯಲ್ಲೂ ಸಗಣಿ ವಾಸನೆ ಇರುತ್ತಿತ್ತು. ಬೇರೆ ತರಗತಿಯಲ್ಲಿ ಆ ವಾಸನೆಗೆ ನಾವು ಮೂಲೆಯ ಬೆಂಚು ಹುಡುಕುತ್ತಿದ್ದೆವು, ಇಲ್ಲಿ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದೆವು.

ಅವರು ವ್ಯಾಕರಣ ಹೇಳಿಕೊಡುತ್ತಿದ್ದ ರೀತಿಯನ್ನು ನಾನು ಈಗಲೂ ಕದ್ದು ಬಳಸುತ್ತೇನೆ. ಇಂಗ್ಲಿಷಿನಲ್ಲಿ ಆಗಿಹೋದ ಕೆಲಸವನ್ನು ಹೇಳಲು ಎರಡೆರಡು ರೂಪಗಳು ಯಾಕೆ ಎಂಬುದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. "ಕರ್ದಿವ್ನಿ ಅಂದ್ರೆ ಆಲು ಇನ್ನೂ ಬೆಚ್ಚುಗದೆ, ಕಣ್ಮುಂದೆ ಅದೆ. ಕರ್ದೆ ಅಂದ್ರೆ ಅದು ಮೊಸರಾಗಿದ್ರೂ ಆಗಿರ್ಬೋದು, ನಿಮ್ಮವ್ವ ಮಾರ್ಕಂಡಿದ್ರೂ ಮಾರ್ಕಂಡಿರ್ಬೋದು" ಎಂದರು. ವರ್ಷಗಟ್ಟಲೆ ಪುಸ್ತಕ ತಿರುವಿದರೂ ಬಗೆಹರಿಯದ್ದು ಒಂದು ಚೊಂಬು ಹಾಲಿನಲ್ಲಿ ಬಗೆಹರಿಯಿತು.

ಸ್ಪರ್ಧೆಗಳಿಗೆ ಹುಡುಗರನ್ನು ಆರಿಸುವುದರಲ್ಲಿ ಮಾತ್ರ ಅವರದು ವಿಚಿತ್ರ ಹಟ. ಎಲ್ಲ ಕಡೆ ಒಳ್ಳೆಯ ಅಂಕದವರನ್ನು ಕಳಿಸುತ್ತಾರೆ, ಇವರು ಫೇಲಾದವರನ್ನು ಹುಡುಕಿ ಕಳಿಸುತ್ತಿದ್ದರು. ಪಾಸಾದವರು ಉತ್ತರಪತ್ರಿಕೆಯಲ್ಲಿ ಮಾತಾಡಿ ಮುಗಿಸಿರುತ್ತಾರೆ, ಫೇಲಾದವರ ಹತ್ತಿರ ಹೇಳದೆ ಉಳಿದದ್ದು ಜಾಸ್ತಿ ಇರುತ್ತದೆ ಎಂಬುದು ಅವರ ವಾದ. ಮೊದಲ ಸ್ಥಾನ ಬರುವ ಹುಡುಗಿಯರು ಇದಕ್ಕೆ ಮುನಿಸಿಕೊಳ್ಳುತ್ತಿದ್ದರು, ಅದರಲ್ಲಿ ನ್ಯಾಯವೂ ಇತ್ತು. ಆ ಹುಡುಗಿಯರನ್ನು ಮೇಡಂ ಕಣ್ಣೆತ್ತಿ ನೋಡುತ್ತಿದ್ದುದು ಕಡಿಮೆಯೇ. ಒಂದು ಸಲ ಅರಕೆರೆಯ ಹುಡುಗನೊಬ್ಬನನ್ನು ಮೂಕಾಭಿನಯಕ್ಕೆ ಕಳಿಸಿದರು. ಜೊತೆಯ ನಟ ಸುಳ್ಳೇ ಹೊಡೆಯಬೇಕಾದವನು ನಿಜವಾಗಿಯೇ ಹೊಡೆದನೆಂದು ಇವನು ವೇದಿಕೆ ಮೇಲೆಯೇ ಬಾಯಿಬಿಟ್ಟು ಬೈದುಬಿಟ್ಟ. ಮೂಕಾಭಿನಯದಲ್ಲಿ ಮಾತಾಡಿದ್ದಕ್ಕೆ ತಂಡವನ್ನು ಕೆಳಗಿಳಿಸಿದರು. ಮೈಸೂರಿನಿಂದ ಶ್ರೀರಂಗಪಟ್ಟಣದ ಸೇತುವೆ ಬರುವ ತನಕ ಮೇಡಂ ಬಸ್ಸಿನಲ್ಲಿ ನಗುತ್ತಲೇ ಇದ್ದರಂತೆ. ಅದೇ ಹುಡುಗ ಮುಂದಿನ ವರ್ಷ ನಾಟಕದಲ್ಲಿ ದೊಡ್ಡ ಪಾತ್ರ ಮಾಡಿದ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ನಮ್ಮೂರು ಕ್ಯಾತನಹಳ್ಳಿ. ಎರಡನೆಯ ವರ್ಷದ ಬಿ.ಎ.ಯಲ್ಲಿದ್ದೆ, ಇಂಗ್ಲಿಷ್ ಬಾಕಿ ಉಳಿದಿತ್ತು. ಅಷ್ಟರಲ್ಲಿ ನಮ್ಮವ್ವ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮನೆಯಲ್ಲಿ ಕೆಂಪಿ ಎಂಬ ಸೀಮೆಹಸು ಇತ್ತು. ಅದು ಅವ್ವನ ಕೈ ಬಿಟ್ಟರೆ ಯಾರಿಗೂ ಹಾಲು ಇಳಿಸುತ್ತಿರಲಿಲ್ಲ. ನಾನು ಒದೆಸಿಕೊಂಡು, ಬೇಡಿಕೊಂಡು, ಹಿಂಡಿ ತಿನ್ನಿಸಿ ಕಡೆಗೂ ಒಲಿಸಿಕೊಂಡೆ. ಅಪ್ಪ ಹತ್ತಿರ ಹೋದರೆ ಮಾತ್ರ ಕಾಲು ಬೀಸುತ್ತಿತ್ತು. ಡಾಕ್ಟರು ಸೂಜಿ ಚುಚ್ಚುವಾಗಲೆಲ್ಲ ಹಗ್ಗ ಹಿಡಿದವನು ಅಪ್ಪ, ಆ ದ್ವೇಷವನ್ನು ಅದು ಮರೆತಿರಲಿಲ್ಲ. ಹಾಗಾಗಿ ಎರಡು ಹೊತ್ತೂ ಹಾಲು ನನ್ನ ಪಾಲಿಗೆ ಬಂತು. ಅವ್ವನ ಕೈ ಮೊದಲಿನಂತಾಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನ ಅಪ್ಪ ಊಟದ ಮುಂದೆ ಕೂತು, "ಈ ಸಲಾನೂ ಇಂಗ್ಲಿಸ್ ಕೈ ಕೊಟ್ರೆ ಸಾಕ್ಮಾಡ್ಬುಡು ಕಣವ್ವ. ಮನೇಲೂ ಆಳಿಲ್ಲ" ಎಂದ. ಗದರಿ ಹೇಳಲಿಲ್ಲ. ಗದರಿದ್ದರೆ ನಾನೂ ಜಗಳ ಆಡುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ತಟ್ಟೆ ಎತ್ತಿಕೊಂಡು ಎದ್ದು ಹೋದೆ.

ಓದಬೇಕು ಎಂಬ ಆಸೆ ನನಗೆ ಎಷ್ಟಿದೆ ಎಂಬುದು ನನಗೇ ಗೊತ್ತಾದದ್ದು ಆವತ್ತು. ಇನ್ನೊಂದು ಪರೀಕ್ಷೆ ಕೈ ತಪ್ಪಿದರೆ ಕೊಟ್ಟಿಗೆಯೇ ಗತಿ. ಇದನ್ನೆಲ್ಲ ಮೇಡಂ ಮುಂದೆ ಅತ್ತುಕೊಂಡು ಹೇಳಿದೆ. ಅವರು ಒಂದು ಹಿಡಿ ಕಡಲೆಕಾಯಿ ನನ್ನ ಕೈಗೆ ಹಾಕಿ, ಇಂಗ್ಲಿಷ್ ನಾನು ನೋಡಿಕೊಳ್ಳುತ್ತೇನೆ, ನೀನು ವಿಶ್ವವಿದ್ಯಾಲಯದ ಚರ್ಚಾಸ್ಪರ್ಧೆಗೆ ಸಿದ್ಧವಾಗು ಎಂದರು. ಮುಳುಗುತ್ತಿದ್ದೇನೆ ಎಂದು ಕೂಗಿದವಳಿಗೆ ಹಾಡು ಹೇಳು ಅಂದ ಹಾಗಾಯಿತು. ಬೇರೆ ಅಧ್ಯಾಪಕರೂ ಅದನ್ನೇ ಹೇಳಿದರು, ಮೊದಲು ಪಾಸಾಗಲಿ, ಆಮೇಲೆ ಭಾಷಣ ಎಂದು. ಮೇಡಂ ಕೇಳಲಿಲ್ಲ. "ಬಾಯಿ ತೆಗೀದೆ ಕೂತಿರೋಳು ಪೇಪರ್ ಮುಂದೂ ಬಾಯಿ ತೆಗೆಯಲ್ಲ ಕಣಮ್ಮಿ. ಮೊದ್ಲು ಭಯ ಓಗ್ಲಿ, ಇಂಗ್ಲಿಸ್ ಅದ್ರಿಂದೆ ಬತ್ತದೆ" ಎಂದು ನನಗೆ ಹೇಳಿದರು.

ಸ್ಪರ್ಧೆ ಮೈಸೂರಿನಲ್ಲಿ, ಮುಗಿಯುವಾಗ ಸಂಜೆ. ಅಪ್ಪ ಆಗುವುದಿಲ್ಲ ಎಂದ. ಹಸು ಕೆಚ್ಚಲು ಕಟ್ಟಿಕೊಂಡು ಒದ್ದಾಡುತ್ತದೆ, ಭಾಷಣ ಅದರ ನೋವು ಇಳಿಸುತ್ತದಾ ಎಂದು ಕೇಳಿದ. ಆ ಭಾನುವಾರ ಮೇಡಂ ಬಸ್ಸಿಳಿದು ನಮ್ಮ ಮನೆಗೆ ಬಂದರು. ಚಪ್ಪಲಿ ಅಂಗಳದಲ್ಲಿ ಬಿಟ್ಟು ನೇರ ಕೊಟ್ಟಿಗೆಗೆ ಹೋಗಿ ಕೆಂಪಿಯ ಕತ್ತಿನ ಕೆಳಗಿನ ಗಂಗೆದೊಗಲು ಸವರಿದರು. ಕೆಂಪಿ ಪಕ್ಕಕ್ಕೆ ಸರಿದು ನಿಂತಿತು. "ಒಸಾ ಕೈ. ನಂಗೂ ಇಳಿಸಲ್ಲ" ಎಂದು ಅಪ್ಪನ ಕಡೆ ನೋಡಿ ನಕ್ಕರು. ಆಮೇಲೆ ನನಗೆ ಕಾಫಿ ಮಾಡಲು ಹೇಳಿ ಒಳಗೆ ಕಳಿಸಿದರು. ನಾನು ಲೋಟ ಹಿಡಿದು ಬರುವ ತನಕ ಅಪ್ಪನ ಹತ್ತಿರ ಏನೋ ಮಾತಾಡುತ್ತಿದ್ದರು. ಅಪ್ಪನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಒಪ್ಪಿಗೆಯೂ ಇರಲಿಲ್ಲ, ಒಂಥರಾ ನಾಚಿಕೆ ಇತ್ತು. ಅವರು ಹೋದ ಮೇಲೆ, "ಒಂದಿನ ತಾನೆ, ಓಗ್ಬಾ. ನಾನೇ ಎಂಗೋ ನೋಡ್ಕತೀನಿ" ಎಂದ. ಹೇಗೆ ಎಂದು ಕೇಳಿದರೆ ಎದ್ದು ಗದ್ದೆಗೆ ಹೊರಟುಬಿಟ್ಟ.

ಪದವಿ ತರಗತಿಗಳಲ್ಲಿ ಹಾಜರಾತಿ ಕಡ್ಡಾಯ ಇರಬೇಕೇ ಎಂಬುದು ಚರ್ಚೆಯ ವಿಷಯ. ನಾನು ಬೇಡ ಎನ್ನುವ ಪಕ್ಷ. ವಿಷಯದ ಹೆಸರಿನಲ್ಲೇ ಹಕಾರ ಕೂತಿತ್ತು, ನಮ್ಮ ಕಡೆಯವರ ಬಾಯಲ್ಲಿ ಅದು ನಿಲ್ಲುವುದಿಲ್ಲ. ಅದಕ್ಕೆ ಕಾವಲು ಕೂರಬೇಡ, ಅದರ ಹಿಂದೆ ಹೋದರೆ ಮಾತು ತಪ್ಪಿಸಿಕೊಳ್ಳುತ್ತದೆ ಎಂದು ಮೇಡಂ ಹೇಳಿದ್ದರು. ನನಗೆ ಮೈಸೂರಿನವರ ಮುಂದೆ ಹಳ್ಳಿಗುಗ್ಗು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ಮೇಡಂಗೆ ಗೊತ್ತಾಗದ ಹಾಗೆ, ಹಾಲು ಕರೆಯುತ್ತ ಕರೆಯುತ್ತ, ಹಾಜರಾತಿ, ಹಕ್ಕು, ಹೊಣೆ ಎಂದು ಕೆಂಪಿಯ ಹೊಟ್ಟೆಗೆ ಹೇಳಿ ಹೇಳಿ ಹಕಾರ ಗಟ್ಟಿ ಮಾಡಿಕೊಂಡೆ.

ಗಟ್ಟಿಯಾದದ್ದು ಜಾಸ್ತಿಯೇ ಆಯಿತು. ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು, ಎದೆ ತುಂಬ ಉಸಿರೆಳೆದು, "ಮಾನ್ಯ ಹಧ್ಯಕ್ಷರೇ" ಎಂದೆ. ಸಭೆಯಲ್ಲಿ ಕಿಸಕ್ಕೆಂದರು. ಸರಿಮಾಡಿಕೊಳ್ಳಲು ಹೋಗಿ "ಹಧ್ಯಾಪಕರೇ" ಎಂದೆ. ಈ ಸಲ ಇಡೀ ಸಭೆ ನಕ್ಕಿತು, ತೀರ್ಪುಗಾರರೊಬ್ಬರು ಕರ್ಚೀಫು ಬಾಯಿಗಿಟ್ಟುಕೊಂಡರು. ಇರಬೇಕಾದ ಕಡೆ ನಿಲ್ಲದ ಹಕಾರ ಬೇಡದ ಕಡೆಯಲ್ಲೆಲ್ಲ ಬಂದು ಕೂತಿತ್ತು. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಹಿಂದಿನ ಸಾಲಿನಲ್ಲಿ ಮೇಡಂ ಕೂತಿದ್ದರು. ನಗಲಿಲ್ಲ, ಸನ್ನೆ ಮಾಡಲಿಲ್ಲ, ಧೈರ್ಯ ಹೇಳುವ ಮುಖವನ್ನೂ ಮಾಡಲಿಲ್ಲ. ಕಡಲೆಕಾಯಿ ಸುಲಿಯುತ್ತ, ನಾನು ಮುಂದೆ ಏನು ಹೇಳುತ್ತೇನೋ ಎಂದು ಕಾಯುತ್ತಿದ್ದರು, ಅಷ್ಟೇ. ಏನಾದರೂ ಹೇಳಿಯೇ ಹೇಳುತ್ತಾಳೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇದ್ದಂತಿರಲಿಲ್ಲ. ಅದನ್ನು ನೋಡಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಬಾಯಿ ಬಂತು.

"ಅಧ್ಯಕ್ಷ್ರೇ, ಈ ಅಕ್ಷರದ ಸವಾಸ ನಂಗ್ಬ್ಯಾಡ. ನಾನು ನಮ್ಮೂರ್ ಮಾತಲ್ಲೇ ಏಳ್ತೀನಿ. ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ನೀವೇ ಅದನ್ನ ಆಕ್ಕಳಿ" ಎಂದೆ. ಮತ್ತೆ ನಕ್ಕರು, ಆದರೆ ಈ ನಗೆಯಲ್ಲಿ ನಾನೂ ಸೇರಿದ್ದೆ. "ನಾಕ್ಗಂಟೆಗೆ ಕಾಲೇಜ್ ಬುಟ್ಟು ಓಡೋರು ಸೋಮಾರಿಗಳಲ್ಲ. ಅವ್ರಿಗೆ ಇನ್ನೊಂದ್ ಕಡೆ ಆಜ್ರಿ ಅದೆ. ಅಲ್ಲಿ ತಪ್ಪುಸ್ಕಂಡ್ರೆ ಮೂಕಪ್ರಾಣಿ ನೋವು ತಿಂತದೆ" ಎಂದು ಶುರುಮಾಡಿದವಳು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಡೈರಿ ಬ್ಯಾಚಿನ ವಿಷಯ ಹೇಳಿದೆ, ನಮ್ಮ ಹೊತ್ತಿಗೆ ಪಾಠ ಇಟ್ಟರೆ ನಾವು ಒಬ್ಬರೂ ತಪ್ಪಿಸಿಕೊಳ್ಳುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ಕೆಂಪಿ ಆ ಹೊತ್ತಿಗೆ ಕೆಚ್ಚಲು ಬಿಗಿದುಕೊಂಡು ಬಾಗಿಲ ಕಡೆ ನೋಡುತ್ತಿರುತ್ತದೆ ಎಂಬುದು ಕಣ್ಣಿಗೆ ಕಟ್ಟಿತು.

ಬಹುಮಾನ ಬರಲಿಲ್ಲ. ಉಚ್ಚಾರಣೆಗೆಂದು ಇಟ್ಟಿದ್ದ ಅಂಕವಂತೂ ಪೂರ್ತಿ ಹೋಗಿತ್ತು. ಬಸ್ಸಿನಲ್ಲಿ ಮೇಡಂ ಸ್ಪರ್ಧೆಯ ಮಾತೇ ಎತ್ತಲಿಲ್ಲ. ಇವತ್ತು ಅಲ್ಲಿ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದು ತಾ, ತಪ್ಪಿದ್ದರೂ ಚಿಂತೆಯಿಲ್ಲ, ನಿನ್ನದೇ ಮಾತಾಗಿರಲಿ ಎಂದರು. ಪರೀಕ್ಷೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ಡೈರಿ ಬ್ಯಾಚಿಗಿಂತಲೂ ಬೇಗ ಬರಬೇಕು ಎಂದೂ ಹೇಳಿದರು. ಎರಡು ಹೊತ್ತು ಹಾಲು ಕರೆದು, ಅವ್ವನ ತಲೆ ಬಾಚಿ, ಅಡುಗೆ ಮಾಡಿ ಅದು ಆಗುವ ಮಾತಲ್ಲ ಎಂದು ನನಗೆ ಗೊತ್ತಿತ್ತು. ಹೂಂ ಎಂದೆ. ಅವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಬಸ್ಸಿಳಿದಾಗ ಡೈರಿಯ ಹೊತ್ತು ಮೀರುತ್ತಿತ್ತು. ಕೆಂಪಿಗೆ ಏನಾಗಿದೆಯೋ ಎಂದು ಮನೆಯ ತನಕ ಓಡಿದೆ. ಚೀಲವನ್ನು ಜಗುಲಿಗೆ ಎಸೆದು ಕೊಟ್ಟಿಗೆಗೆ ನುಗ್ಗಿದವಳು ಬಾಗಿಲಲ್ಲೇ ನಿಂತೆ.

ಕೆಂಪಿಯ ಪಕ್ಕದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ನಾನು ದಿನಾ ಹಾಲು ಕರೆಯುವಾಗ ಹೊದೆಯುತ್ತಿದ್ದ ಹಳದಿ ಹೂವಿನ ವೇಲನ್ನು ತಲೆಯ ಮೇಲಿಂದ ಹೊದ್ದು, ಗಲ್ಲದ ಕೆಳಗೆ ಗಂಟು ಹಾಕಿಕೊಂಡಿದ್ದ. ಅದರೊಳಗಿಂದ ಮೀಸೆ ಕಾಣುತ್ತಿತ್ತು. ಪಂಚೆಯ ಮೇಲೆ ಕಾಲಿನ ಗೊರಸು ಮೂಡಿದ ಸಗಣಿ ಗುರುತಿತ್ತು. ಬಕೆಟ್ಟಿಗೆ ಹಾಲು ಸರ್ ಸರ್ ಎಂದು ಬೀಳುತ್ತಿತ್ತು. ಕೆಂಪಿ ವೇಲಿನ ತುದಿಯನ್ನು ಒಂದು ಸಲ ಮೂಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಪ್ಪ ನನ್ನ ಕಡೆ ತಿರುಗದೆ ಮಾತಾಡಬೇಡ ಎಂದು ಕೈಸನ್ನೆ ಮಾಡಿದ. ನನ್ನ ದನಿ ಕೇಳಿದರೆ ಹಸುವಿಗೆ ಮೋಸ ಗೊತ್ತಾಗಿಬಿಡುತ್ತಿತ್ತು. ಕೆಚ್ಚಲು ಬರಿದಾಗುವ ತನಕ ನಾನು ಬಾಗಿಲಿಗೆ ಒರಗಿಕೊಂಡು ನಿಂತೇ ಇದ್ದೆ. ಆಮೇಲೆ ಬಕೆಟ್ಟು ಪಕ್ಕಕ್ಕಿಟ್ಟು, ಪಿಸುದನಿಯಲ್ಲಿ, "ನಿಮ್ಮೇಡಮ್ಮು ಏಳ್ಕೊಟ್ರು. ಮಗಳ ವಾಸ್ನೆ ಇರೋ ಬಟ್ಟೆ ಒದ್ಕಂಡು ಕೂತ್ಕ, ಕೊಡ್ತದೆ ಅಂತ. ಮೊನ್ನೆಯಿಂದ ನೀನು ಕಾಲೇಜ್ಗೋದ್ಮೇಲೆ ಇದ್ನ ಒದ್ಕಂಡು ಪಕ್ಕದಲ್ಲಿ ಕೂತ್ಕಂಡು ರೂಢಿ ಮಾಡ್ದೆ" ಎಂದ. ಗೆದ್ದೆಯಾ ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ.

ವೇಲು ಬಿಚ್ಚುತ್ತಾನೆಂದು ಕೈ ಚಾಚಿದೆ. ಅಪ್ಪ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಹಾಲಿನ ಬಕೆಟ್ಟು ಎತ್ತಿಕೊಂಡ.

"ನೀನು ಓಗಿ ಓದ್ಕೋ ಓಗವ್ವ. ಪರೀಕ್ಸೆ ಮುಗಿಯೋಗಂಟ ಈ ವೇಲು ನನ್ ತಾವೇ ಇರ್ಲಿ."